ಅಜ್ಜಿಯ ಎಂಟನೇ ಮೌನ

ನಮ್ಮ ಅಜ್ಜಿ ಯುಮ್‌ಕ್ಯಿ ವರ್ಷಕ್ಕೆ ಒಂದು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಉಳಿದ ದಿನ ಅವಳ ದನಿ ಹೊಳೆಯಾಚೆಯ ಹೊಲದವರೆಗೆ ಕೇಳುತ್ತಿತ್ತು.

ನಮ್ಮೂರು ಸೆರ್‌ಲುಂಗ್‌ನಲ್ಲಿ ಬಾರ್ಲಿ ಒಕ್ಕಿ ಮುಗಿದ ಮೇಲೆ ಎಲ್ಲರೂ ಊರಿನ ಪ್ರಾರ್ಥನೆಯ ಮನೆಯಾದ ಮಣಿಮನೆಯಲ್ಲಿ ಎರಡು ದಿನ ಉಪವಾಸ ಕೂರುತ್ತಾರೆ. ಮೊದಲ ದಿನ ಮಧ್ಯಾಹ್ನ ಒಂದೇ ಊಟ. ಎರಡನೆಯ ದಿನ ಅನ್ನವಿಲ್ಲ, ನೀರಿಲ್ಲ, ಮಂತ್ರ ಬಿಟ್ಟರೆ ಬೇರೆ ಮಾತಿಲ್ಲ. ಮೂರನೆಯ ದಿನ ಬೆಳಕು ಹರಿಯುವಾಗ ಲಾಮಾ ವ್ರತ ಬಿಡಿಸುತ್ತಾನೆ. ಇದನ್ನು ಎಂಟು ವರ್ಷ ತಪ್ಪದೆ ಮಾಡಿದರೆ ಒಂದು ಸುತ್ತು ಪೂರ್ತಿಯಾಗುತ್ತದೆ. ನಡುವೆ ಒಂದು ಮಾತು ಬಾಯಿಂದ ಹೊರಬಿದ್ದರೂ ಮತ್ತೆ ಒಂದರಿಂದ ಶುರು.

ಅಜ್ಜಿ ಎರಡು ಸಲ ಶುರು ಮಾಡಿ ಕೆಡಿಸಿಕೊಂಡಿದ್ದಳು. ಮೊದಲನೆಯ ಸಲ ಮೂರನೇ ವರ್ಷದಲ್ಲಿ ಮೇಕೆಯೊಂದು ಒಳಗೆ ನುಗ್ಗಿ ನೈವೇದ್ಯದ ಹಿಟ್ಟಿಗೆ ಬಾಯಿ ಹಾಕಿತು. "ನಿನ್ನ ಹೊಟ್ಟೆ ಸೇದಿಹೋಗ!" ಎಂದಳು. ಮುಗಿಯಿತು. ಎರಡನೆಯ ಸಲ ಐದನೇ ವರ್ಷದವರೆಗೆ ಬಂದಳು. ಪಕ್ಕದಲ್ಲಿ ಕೂತಿದ್ದ ಡುಗ್ಮೊ ಅಜ್ಜಿ ಮಂತ್ರವನ್ನು ತಪ್ಪಾಗಿ ಹೇಳುತ್ತಿದ್ದಳು. ಇವಳಿಗೆ ತಡೆಯಲಾಗಲಿಲ್ಲ, ತಿದ್ದಿದಳು. ಅದೂ ಮುಗಿಯಿತು.

ಇದು ಮೂರನೆಯ ಪ್ರಯತ್ನ. ಏಳು ವರ್ಷ ಆಗಿತ್ತು. ಅಜ್ಜಿಗೆ ಎಪ್ಪತ್ತಾರು. ಈ ಸಲ ದಾಟಿದರೆ ದಾಟಿದಳು.

ಆ ವರ್ಷ ಉಪವಾಸ ನಡೆಸುವ ಪಾಳಿ ನಮ್ಮ ಮನೆಯದೇ ಆಗಿತ್ತು. ಮೊದಲ ದಿನದ ಊಟ, ಮೂರನೆಯ ದಿನ ಬೆಳಗಿನ ಸಿಹಿ ಗಂಜಿ, ದೀಪಗಳಿಗೆ ಬೆಣ್ಣೆ, ಲಾಮಾನಿಗೆ ದಕ್ಷಿಣೆಯ ಲಕೋಟೆ, ಅವನ ಜೊತೆ ಬಂದ ಮೂವರು ಭಿಕ್ಷುಗಳಿಗೆ ಸ್ವಲ್ಪ ತೆಳ್ಳಗಿನ ಲಕೋಟೆ, ಕೂತ ಅರವತ್ತು ಜನಕ್ಕೂ ಎದ್ದು ಹೋಗುವಾಗ ಒಂದೊಂದು ಚಹಾ ಇಟ್ಟಿಗೆ, ಅಂದರೆ ಎಲೆಯನ್ನು ಒತ್ತಿ ಮಾಡಿದ ಗಟ್ಟಿ. ಹಿಂದಿನ ವರ್ಷದವರು ಗಂಜಿಗೆ ಒಣದ್ರಾಕ್ಷಿ ಹಾಕಿದ್ದರು. ಆದ್ದರಿಂದ ನಾವು ಖರ್ಜೂರವನ್ನೂ ಹಾಕಲೇಬೇಕಿತ್ತು.

"ಹಂಗಾದ್ರೆ ಮುಂದಿನ ವರ್ಷದವರ ಗತಿ ಏನಪ್ಪ?" ಎಂದು ಕೇಳಿದೆ.

"ಅದು ಅವರವರ ಪುಣ್ಯ," ಎಂದ ಅಪ್ಪ.

ನಮ್ಮ ಮನೆಯಲ್ಲಿ ನಾವು ತಿನ್ನುವ ಬೆಣ್ಣೆಗಿಂತ ದೇವರ ಮುಂದೆ ಉರಿಯುವ ಬೆಣ್ಣೆ ಹೆಚ್ಚು. ನಾವು ಮಲಗುವ ಕೋಣೆಯ ಮಾಡು ಸೋರುತ್ತದೆ, ದೇವರ ಕೋಣೆಯದು ಸೋರುವುದಿಲ್ಲ. ನಾನು ಓದುವುದು ಜಿಲ್ಲಾ ಪಟ್ಟಣದ ಹುಡುಗಿಯರ ಹಾಸ್ಟೆಲಿನಲ್ಲಿದ್ದುಕೊಂಡು. ಒಂದು ರಜೆಯಲ್ಲಿ ಮನೆಯ ವರ್ಷದ ಖರ್ಚನ್ನೆಲ್ಲ ಹಾಳೆಯ ಮೇಲೆ ಬರೆದೆ. ಮೂರರಲ್ಲಿ ಒಂದು ಪಾಲು ದೀಪ, ಪೂಜೆ, ಪಾರಾಯಣ, ಮಠ, ಯಾತ್ರೆಗೆ ಹೋಗಿತ್ತು. ಅಜ್ಜಿಗೆ ಓದಲು ಬರುವುದಿಲ್ಲ. ನಾನು ಹೇಳಿದ್ದನ್ನು ಕೇಳಿ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಮಿಕ್ಕ ಎರಡು ಪಾಲು ಎಲ್ಲಿ ಹಾಳಾಯ್ತು? ಅದನ್ನ ಬರಿ. ನಿಮ್ಮಪ್ಪನ ಸಿಗರೇಟು ಬರಿ," ಎಂದಳು.

ಆ ಹಾಳೆಯಲ್ಲಿ ಬರೆಯಲಾಗದ ಒಂದು ಖರ್ಚಿತ್ತು. ಮನೆಯಲ್ಲಿ ಯಾರಿಗಾದರೂ ಕುತ್ತು ಬಂದರೆ ಒಂದು ಪ್ರಾಣಿಯನ್ನು ದೇವರ ಹೆಸರಿನಲ್ಲಿ ಬಿಡುತ್ತೇವೆ. ಹಣೆಗೆ ಬೆಣ್ಣೆ ಹಚ್ಚಿ ಕಿವಿಗೆ ಕೆಂಪು ಪಟ್ಟಿ ಕಟ್ಟಿದರೆ ಆಯಿತು. ಆಮೇಲೆ ಅದನ್ನು ಮಾರುವಂತಿಲ್ಲ, ಕಡಿಯುವಂತಿಲ್ಲ. ಹಾಲು ಕೊಟ್ಟರೆ ಕರೆದುಕೊಳ್ಳಬಹುದು, ಅಷ್ಟೇ. ಅಮ್ಮನ ಜ್ವರಕ್ಕೆ ಒಂದು, ಚಿಕ್ಕಪ್ಪನ ಕೋರ್ಟು ಕೇಸಿಗೆ ಒಂದು, ಹೀಗೆ ಬಿಟ್ಟು ಬಿಟ್ಟು ನಮ್ಮ ಹದಿನಾಲ್ಕು ರಾಸುಗಳಲ್ಲಿ ಎಂಟರ ಕಿವಿ ಕೆಂಪಾಗಿತ್ತು. ಮೂರು ವರ್ಷದ ಹಿಂದೆ ಅಪ್ಪ ಒಂದು ದಿನ ಸಿಟ್ಟಿಗೆದ್ದ.

"ಇನ್ಮೇಲೆ ನನ್ನ ಕೇಳದೆ ಯಾರೂ ಯಾವುದನ್ನೂ ಬಿಡಂಗಿಲ್ಲ. ನಾನು ದನ ಸಾಕ್ತಿದೀನೋ, ಛತ್ರ ನಡೆಸ್ತಿದೀನೋ?"

ಅದೇ ಚಳಿಗಾಲದಲ್ಲಿ ಹಾಸ್ಟೆಲಿನಲ್ಲಿ ನನ್ನ ಅಪೆಂಡಿಕ್ಸ್ ಒಡೆಯಿತು. ಆಸ್ಪತ್ರೆಯಲ್ಲಿ ಐದು ದಿನ ಪ್ರಜ್ಞೆ ಹೋಗಿ ಬಂದು ಮಾಡುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ನನ್ನ ಹತ್ತಿರ ಇದ್ದರು. ಅಜ್ಜಿ ಊರಲ್ಲಿ ಒಬ್ಬಳೇ. ಅವಳು ಕೊಟ್ಟಿಗೆಗೆ ಹೋಗಿ ನಮ್ಮ ಒಳ್ಳೆಯ ಜೋಮೊ ಬಿಳಿಮೂತಿಯ ಹಣೆಗೆ ಬೆಣ್ಣೆ ಹಚ್ಚಿ, ನೆಲಕ್ಕೆ ಹಾಲು ಚೆಲ್ಲಿ, ನನ್ನ ಹೆಸರು ಹೇಳಿ ದೇವರಿಗೆ ಬಿಟ್ಟಳು. ಜೋಮೊ ಎಂದರೆ ಯಾಕ್‌ಗೂ ಹಸುವಿಗೂ ಹುಟ್ಟಿದ್ದು. ಕೊಟ್ಟಿಗೆಯಲ್ಲಿ ಅದಕ್ಕಿಂತ ಬೆಲೆಯದು ಇನ್ನೊಂದಿಲ್ಲ. ಕಿವಿಗೆ ಪಟ್ಟಿ ಕಟ್ಟಿದರೆ ಮಗನಿಗೆ ಗೊತ್ತಾಗುತ್ತದೆಂದು ಕಟ್ಟಲಿಲ್ಲ. ಅಪ್ಪ ಒಳ್ಳೆಯ ಮನಸ್ಸಿನಲ್ಲಿರುವಾಗ ಹೇಳೋಣ ಎಂದುಕೊಂಡಳಂತೆ. ಮೂರು ವರ್ಷದಲ್ಲಿ ಅಂಥ ಹೊತ್ತು ಬಂದಿರಲಿಲ್ಲ.

ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿದ್ದೇನೆ, ಇಲ್ಲದಿದ್ದರೆ ಉಪವಾಸದ ಎರಡನೆಯ ದಿನ ಅಜ್ಜಿ ಪಟ್ಟ ಪಾಡು ಅರ್ಥವಾಗುವುದಿಲ್ಲ.

ಅವತ್ತು ಮಧ್ಯಾಹ್ನದ ಹೊತ್ತಿಗೆ ದನದ ವ್ಯಾಪಾರಿ ಯೂಸುಫ್ ಲಾರಿ ತೆಗೆದುಕೊಂಡು ಬಂದ. ಅವನು ತಪ್ಪಲಿನ ಮುಸಲ್ಮಾನರ ಊರಿನವನು. ವರ್ಷಕ್ಕೆ ಎರಡು ಸಲ ಬರುತ್ತಾನೆ. ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಆಡುತ್ತಾನೆ, ಬೈಗುಳವನ್ನಂತೂ ಇನ್ನೂ ಚೆನ್ನಾಗಿ. ಅಪ್ಪ ಅವನನ್ನು ಕಾಯುತ್ತಲೇ ಇದ್ದ, ಆದರೆ ನಾಲ್ಕು ದಿನ ಮೊದಲೇ ಬರುತ್ತಾನೆಂದುಕೊಂಡಿದ್ದ. ಅಮ್ಮ ಮಣಿಮನೆಯ ಒಲೆಯ ಮುಂದೆ ಇದ್ದಳು. ಅಂಗಳದಲ್ಲಿ ಇದ್ದವರು ನಮ್ಮಪ್ಪ ಶಾವೋ, ನಾನು ಇಬ್ಬರೇ.

"ಇವತ್ತು ಬೇಡ ಯೂಸುಫಣ್ಣ," ಎಂದ ಅಪ್ಪ. "ಇವತ್ತು ಮಾಡಿದ ಪುಣ್ಯ ನೂರು ಪಟ್ಟು. ಪಾಪಾನೂ ಅಷ್ಟೇ."

"ನಾಳೆ ಘಟ್ಟದ ಮೇಲೆ ಹಿಮ ಬೀಳುತ್ತೆ ಶಾವೋ. ನಾನು ಇವತ್ತೇ ದಾಟಬೇಕು. ಇನ್ನು ಬರೋದು ಬೇಸಿಗೆಗೆ. ಆಮೇಲೆ ನನ್ನ ಬೈಬೇಡ."

ಅಪ್ಪ ತಲೆ ಕೆರೆದುಕೊಂಡ. ಖರ್ಜೂರ ತಂದಿರಲಿಲ್ಲ, ಚಹಾ ಇಟ್ಟಿಗೆ ತಂದಿರಲಿಲ್ಲ. ಬೆಳಗಾದರೆ ಲಾಮಾನ ಕೈಗೆ ಲಕೋಟೆ ಇಡಬೇಕು. ಕಿವಿ ಖಾಲಿ ಇದ್ದ ರಾಸುಗಳು ಆರು. ಅದರಲ್ಲಿ ಉಳುವ ಜೋಡಿಯ ಎತ್ತುಗಳು ಎರಡು, ಕರುಗಳು ಮೂರು. ಉಳಿದದ್ದು ಬಿಳಿಮೂತಿ. ಅದಕ್ಕೂ ವಯಸ್ಸಾಗಿತ್ತು, ಹಾಲು ಇಳಿದಿತ್ತು.

"ಸರಿ," ಎಂದ ಅಪ್ಪ. "ಮಾರ್ತೀನಿ ಅಂತ ನಾನು ಬಾಯಲ್ಲಿ ಅನ್ನಲ್ಲ. ಕೈಗಳು ಮಾತಾಡಿಕೊಳ್ಳಲಿ."

"ಕೈಗೆ ಪಾಪ ಹತ್ತಲ್ವೇನಪ್ಪ?" ಎಂದೆ.

"ಕೈಗೆ ನಾಲಗೆ ಇಲ್ಲ. ನೀನು ಹೋಗಿ ಚಹಾ ತಾ."

ಯೂಸುಫ್ ತನ್ನದೇ ಲೋಟವನ್ನು ಜೇಬಿನಿಂದ ತೆಗೆದು ಒಡ್ಡಿದ. ಅವನು ನಮ್ಮ ಮನೆಯ ಲೋಟದಲ್ಲಿ ಕುಡಿಯುವುದಿಲ್ಲ, ನಾವೂ ಬೇಸರ ಮಾಡಿಕೊಳ್ಳುವುದಿಲ್ಲ. ಅಪ್ಪ ಬಿಳಿಮೂತಿಯನ್ನು ಎಳೆದು ತಂದ. ಹಲ್ಲು ನೋಡಿದ್ದಾಯಿತು, ಬೆನ್ನು ಒತ್ತಿದ್ದಾಯಿತು.

"ಹಾಲು ಕರೆಯೋರಿಗೆ ತಾನೇ ಕೊಡೋದು?" ಎಂದು ಅಪ್ಪ ಕೇಳಿದ.

"ಹಾಲು ಕರೆಯೋರಿಗೇ," ಎಂದ ಯೂಸುಫ್.

ಹಿಮ ಬೀಳುವ ಮುಂಚೆ ಮುದಿ ಜೋಮೊ ಕೊಳ್ಳುವವರು ಹಾಲಿಗೆಂದು ಕೊಳ್ಳುವುದಿಲ್ಲ. ಇದು ಅವನಿಗೆ ಗೊತ್ತು, ಅಪ್ಪನಿಗೆ ಗೊತ್ತು, ನನಗೂ ಗೊತ್ತು.

ಅಪ್ಪ ಕುರಿಚರ್ಮದ ಅಂಗಿಯ ಉದ್ದ ತೋಳನ್ನು ಇಳಿಬಿಟ್ಟ. ಯೂಸುಫ್ ಅದರೊಳಗೆ ಕೈ ಹಾಕಿದ. ನಮ್ಮ ಕಡೆ ದನದ ಬೆಲೆಯನ್ನು ಹೀಗೇ ಮಾತಾಡುವುದು. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸಾವಿರವೋ ನೂರೋ ಎಂಬುದು ಹಿಡಿದವರಿಗೆ ತಿಳಿಯುತ್ತದೆ. ನಿಂತು ನೋಡುವವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಅಪ್ಪನ ಮುಖ ನೋಡಿದರೆ ಬೆಲೆ ಆರು ಸಾವಿರ ಯುವಾನ್ ದಾಟಿಲ್ಲವೆಂದು ಗೊತ್ತಾಗುತ್ತಿತ್ತು.

ಆಗ ಅಜ್ಜಿ ಬಾಗಿಲಲ್ಲಿ ಕಾಣಿಸಿಕೊಂಡಳು.

ಮಣಿಮನೆ ಇರುವುದು ನಮ್ಮ ಗೋಡೆಯ ಆಚೆಗೇ. ಎರಡು ಪೂಜೆಗಳ ನಡುವಿನ ಬಿಡುವಿನಲ್ಲಿ ಬಿಸಿಲಿಗೆ ಮಂಡಿ ಚಾಚಲು ಬಂದಿದ್ದಳು. ಬೆಳಗಿನಿಂದ ನೂರಾರು ಸಲ ಅಡ್ಡಬಿದ್ದು ಎದ್ದಿದ್ದರಿಂದ ಹಣೆಯಲ್ಲಿ ಧೂಳಿತ್ತು. ತುಟಿ ಒಣಗಿ ಬಿಳಿಚಿತ್ತು. ಅವಳು ಮೊದಲು ಲಾರಿಯನ್ನು ನೋಡಿದಳು. ಆಮೇಲೆ ಬಿಳಿಮೂತಿಯ ಹಗ್ಗವನ್ನು, ಆಮೇಲೆ ತೋಳೊಳಗಿನ ಕೈಗಳನ್ನು.

ಓಡಿ ಬಂದು ಅಪ್ಪನ ಮೊಣಕೈ ಹಿಡಿದು ಎಳೆದಳು.

"ಅಮ್ಮ, ನಾನು ಬಾಯಿ ಬಿಟ್ಟಿಲ್ಲ," ಎಂದ ಅಪ್ಪ. "ಬೇಕಾದ್ರೆ ಇವಳನ್ನ ಕೇಳು. ಬರೀ ಕೈ."

ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. ತನ್ನ ಕಿವಿಯನ್ನು ಹಿಡಿದು ಜೋರಾಗಿ ಎಳೆದು ತೋರಿಸಿದಳು. ಬಿಳಿಮೂತಿಯತ್ತ ಕೈ ಮಾಡಿದಳು. ನನ್ನತ್ತ ಕೈ ಮಾಡಿದಳು. ಆಕಾಶಕ್ಕೆ ಮುಗಿದಳು. ಮತ್ತೆ ಕಿವಿ ಎಳೆದಳು. ನಾವು ಮೂವರೂ ಬೆಪ್ಪಾಗಿ ನೋಡುತ್ತಿದ್ದೆವು. ಆಗ ಹೊಟ್ಟೆಯ ಬಲಭಾಗವನ್ನು ಹಿಡಿದುಕೊಂಡು ನೋವಿನಿಂದ ಮುಖ ಕಿವುಚಿ ಬಗ್ಗಿದಳು.

"ಹಸಿವಾ ಅಜ್ಜಿ?" ಎಂದೆ. "ಇಷ್ಟು ತಡಕೊಂಡಿದೀಯ, ನಾಳೆ ಬೆಳಗ್ಗೆವರೆಗೆ ತಡಕೋ."

ತೋಳಿಗೆ ಒಂದು ಏಟು ಬಿತ್ತು. ಮತ್ತೆ ಕಿವಿ, ಮತ್ತೆ ನಾನು, ಮತ್ತೆ ಜೋಮೊ.

ನನಗೆ ಹೊಳೆಯಿತು. ಆ ವರ್ಷವೆಲ್ಲ ಅಜ್ಜಿ ಒಂದೇ ಸಮನೆ ಹೇಳುತ್ತಿದ್ದಳು, "ಹತ್ತೊಂಬತ್ತು ಆಯ್ತು, ಹುಡುಗಿ ಕಿವಿ ಇನ್ನೂ ಬೋಳು" ಎಂದು. ನನಗೂ ಪಟ್ಟಣದ ಅಂಗಡಿಯ ಹವಳದ ಓಲೆಯ ಮೇಲೆ ಕಣ್ಣಿತ್ತು, ಅದನ್ನು ಮುಚ್ಚಿಡುವುದಿಲ್ಲ.

"ಅಪ್ಪ, ಅಜ್ಜಿ ಹೇಳ್ತಿರೋದು ಈ ರೇಟು ಸಾಲದು ಅಂತ. ನನ್ನ ಓಲೆಗೂ ಸೇರಿಸಿ ಕೇಳು ಅಂತಿದಾಳೆ."

ಅಜ್ಜಿ ಎರಡೂ ಕೈಯಿಂದ ತಲೆ ಚಚ್ಚಿಕೊಂಡಳು. ಸಾಲದು, ಇನ್ನೂ ಸಾಲದು ಎನ್ನುತ್ತಿದ್ದಾಳೆಂದು ಯೂಸುಫ್ ತಿಳಿದುಕೊಂಡ.

"ಅಯ್ಯೋ ಅಜ್ಜಮ್ಮ, ಮಾತಿಲ್ಲದೇನೆ ಇಷ್ಟು ಚೌಕಾಸಿ ಮಾಡ್ತೀಯಲ್ಲ! ಮಾತಿದ್ದಿದ್ರೆ ನನ್ನ ಲಾರೀನೇ ಬರೆಸಿಕೊಂಡುಬಿಡ್ತಿದ್ದೆ. ಆಯ್ತು ಮಾರಾಯ, ತಗೋ." ತೋಳೊಳಗೆ ಕೈಗಳು ಮತ್ತೊಮ್ಮೆ ಅಲುಗಿದವು. ಅಪ್ಪನ ಮುಖ ಅರಳಿತು. ಏಳು ಸಾವಿರದ ಮುನ್ನೂರು. ಇಬ್ಬರೂ ಕೈ ಕುಲುಕಿ ಹೊರಗೆ ತೆಗೆದರು.

ತೋಳೊಳಗೆ ಕುದುರಿದ ವ್ಯಾಪಾರವನ್ನು ಮುರಿಯುವಂತಿಲ್ಲ. ಮುರಿದವನ ತೋಳಿಗೆ ಇನ್ನೊಬ್ಬ ವ್ಯಾಪಾರಿ ಕೈ ಹಾಕುವುದಿಲ್ಲ.

ಯೂಸುಫ್ ಹಗ್ಗ ಹಿಡಿದು ನಡೆದ. ಅಜ್ಜಿ ಮುಂದೆ ಓಡಿ ಬಾಗಿಲಿಗೆ ಅಡ್ಡ ನಿಂತಳು. ಅವಳ ಬಾಯಿಗೆ ಅವತ್ತು ಅನುಮತಿ ಇದ್ದದ್ದು ಒಂದೇ ಮಾತಿಗೆ. ಅದನ್ನೇ ಬಳಸಿದಳು. ಎರಡೂ ಕೈ ಚಾಚಿ, ಕಣ್ಣು ಕೆಂಪಗೆ ಮಾಡಿಕೊಂಡು, ಬೀದಿ ಜಗಳದ ರಾಗದಲ್ಲಿ "ಓಂ ಮಣಿ ಪದ್ಮೇ ಹೂಂ! ಓಂ ಮಣಿ ಪದ್ಮೇ ಹೂಂ!" ಎಂದು ಅವನ ಮುಖದ ಮೇಲೆ ಕೂಗಿದಳು.

"ಪಾಪ, ಬಿಳಿಮೂತಿಗೆ ಒಳ್ಳೇದಾಗ್ಲಿ ಅಂತ ಹರಸ್ತಿದಾಳೆ," ಎಂದು ಅಪ್ಪ ಕೈ ಮುಗಿದ. ಆಮೇಲೆ ಮೆಲ್ಲನೆ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

ಬಿಳಿಮೂತಿ ಮುಂಗಾಲು ಎರಡನ್ನೂ ಲಾರಿಯ ಹಲಗೆಯ ಮೇಲೆ ಇಟ್ಟಿತು. ಅಜ್ಜಿ ಮಣಿಮನೆಯ ಗೋಡೆಯ ಕಡೆ ನೋಡಿದಳು. ಬಾಯಿಗೆ ಅಂಗೈ ಒತ್ತಿಕೊಂಡಿದ್ದಳು. ಜೋಮೊವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೈ ತೆಗೆದಳು.

"ಲೋ ಶಾವೋ! ಇಳಿಸೋ ಅದನ್ನ!"

ಯೂಸುಫ್‌ನ ಕೈಯಿಂದ ಹಗ್ಗ ಜಾರಿತು.

"ಅದು ನಿಂದಲ್ಲ ಕಣೋ ಮಾರೋಕೆ! ಈ ಹುಡುಗಿ ಹೊಟ್ಟೆ ಕುಯ್ಸಿಕೊಂಡು ಸಾಯೋಕೆ ಬಿದ್ದಿದ್ದಾಗ ಬಿಟ್ಟಿದೀನಿ. ಬೆಣ್ಣೆ ಹಚ್ಚಿ, ಹಾಲು ಚೆಲ್ಲಿ, ಇವಳ ಹೆಸರು ಹೇಳಿ ಬಿಟ್ಟಿದೀನಿ. ಅದು ಕತ್ತಿಗೆ ಹೋದ್ರೆ ಇವಳ ಉಸಿರೇ ಹೋದಂಗೆ!" ನನ್ನ ಕಡೆ ತಿರುಗಿದಳು. "ಏನು ಕಲಿಸಿದಾರೆ ನಿಂಗೆ ಆ ಹಾಸ್ಟೆಲಲ್ಲಿ? ಕಿವಿ ತೋರಿಸಿದ್ರೆ ಓಲೆ! ಹೊಟ್ಟೆ ತೋರಿಸಿದ್ರೆ ಹಸಿವು!" ಯೂಸುಫ್‌ನ ಕಡೆ ತಿರುಗಿದಳು. "ಹಾಲಿಗಂತೆ ಹಾಲಿಗೆ! ಎಲ್ಲೋ ನಿನ್ನ ಲಾರೀಲಿ ಹಾಲಿನ ಕೊಡ? ತೋರಿಸು!" ಮತ್ತೆ ಅಪ್ಪನ ಕಡೆ. "ಬಾಯಿ ಬಿಟ್ಟಿಲ್ಲ ಅಂತ ಹೇಳ್ಕೊಳ್ತೀಯ. ನಾನು ಬಿಟ್ಟೆ ನೋಡು. ಏಳು ವರ್ಷ..."

ಅಲ್ಲಿಗೆ ನಿಂತಳು. ಏಳು ಎಂಬ ಮಾತು ತನ್ನ ಬಾಯಿಂದಲೇ ಬಂದಾಗ ಏನಾಯಿತೆಂದು ಅವಳಿಗೆ ಗೊತ್ತಾಯಿತು. ಒರಳಿನ ಪಕ್ಕದ ಕಲ್ಲಿನ ಮೇಲೆ ಕೂತಳು. ಗೋಡೆಯಾಚೆ ಮಣಿಮನೆಯಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.

"ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ ಅಮ್ಮ?" ಎಂದ ಅಪ್ಪ.

"ಹೇಳಿದ್ರೆ ಏನು ಮಾಡ್ತಿದ್ದೆ?"

"ಬೈತಿದ್ದೆ. ಬೈದು ಒಪ್ಪಿಕೊಳ್ತಿದ್ದೆ. ಇವಳಿಗೆ ಅಂದ್ರೆ ಬೇಡ ಅಂತಿದ್ನಾ?"

ಯೂಸುಫ್ ಬಿಳಿಮೂತಿಯನ್ನು ಹಿಂದಕ್ಕೆ ತಳ್ಳಿ ಇಳಿಸಿದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ನಮ್ಮಲ್ಲೂ ಒಂದು ತಿಂಗಳು ಉಪವಾಸ ಇದೆ ಅಜ್ಜಮ್ಮ. ದಿನವೆಲ್ಲ ಹಿಡಿದು ಸಂಜೆ ಹೊತ್ತಿಗೆ ಕೆಟ್ರೆ ಹೆಂಗಿರುತ್ತೆ ಅಂತ ನಂಗೊತ್ತು. ತಪ್ಪಾಯ್ತು." ಅಪ್ಪನ ಕಡೆ ನೋಡಿದ. "ಆದ್ರೆ ಶಾವೋ, ಕೈ ಕೊಟ್ಟಾಗಿದೆ. ನಾನು ಬರಿಗೈಲಿ ಹೋಗಲ್ಲ. ಬೇರೆ ಏನಾದ್ರೂ ಹತ್ತಿಸು."

"ಹತ್ತಿಸ್ತೀನಿ." ಅಪ್ಪ ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅಮ್ಮ, ಬಾಯಿ ಹೆಂಗೂ ಬಿಟ್ಟಾಗಿದೆ. ಇನ್ನು ಯಾವ್ಯಾವುದನ್ನ ಬಿಟ್ಟಿದೀಯ, ಎಲ್ಲಾ ಹೇಳ್ಬಿಡು."

"ಕರೀ ಕರು."

"ಅದು ಯಾವಾಗ?"

"ಹೋದ ವರ್ಷ ನಿನ್ನ ಬೆನ್ನು ಹಿಡಕೊಂಡಿತ್ತಲ್ಲ."

"ಇನ್ನ?"

"ಎಡಗಡೆ ಉಳೋ ಎತ್ತು."

"ಎತ್ತನ್ನೂ ಬಿಟ್ಯಾ! ಯಾತಕ್ಕೆ?"

"ಮೋಟರ್ ಸೈಕಲ್ ಲೈಸೆನ್ಸಲ್ಲಿ ಮೂರು ಸಲ ಫೇಲಾದ್ಯಲ್ಲ. ನಾಲ್ಕನೇ ಸಲ ಹೆಂಗೆ ಪಾಸಾದೆ ಅಂದ್ಕೊಂಡಿದೀಯ?"

ಯೂಸುಫ್ ಗೋಡೆಗೆ ಮುಖ ತಿರುಗಿಸಿ ನಕ್ಕ. ಅಪ್ಪ ನಗಲಿಲ್ಲ, ಲೆಕ್ಕ ಹಾಕಿದ: ಉಳಿದದ್ದು ಒಂಟಿ ಎತ್ತು, ಎರಡು ಎಳೆಗರು, ಮಾರುವಂಥದ್ದು ಯಾವುದೂ ಇಲ್ಲ. ಎದ್ದು, ಬಾಗಿಲ ಪಕ್ಕ ನಿಲ್ಲಿಸಿದ್ದ ತನ್ನ ಮೋಟರ್ ಸೈಕಲ್ಲನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತ. ಅದರ ಸೀಟಿಗೆ ಅವನು ಜಮಖಾನ ಹೊದಿಸಿದ್ದ, ಹ್ಯಾಂಡಲ್ಲಿಗೆ ಉಣ್ಣೆಯ ಕುಚ್ಚು ಕಟ್ಟಿದ್ದ. ಆಮೇಲೆ ಯೂಸುಫ್‌ನ ಮುಂದೆ ಹೋಗಿ ತೋಳು ಇಳಿಬಿಟ್ಟ.

ಯೂಸುಫ್ ಕೈ ಹಾಕುವ ಮುಂಚೆ ಅಜ್ಜಿಯ ಕಡೆ ತಿರುಗಿದ. "ಇದನ್ನ ಬಿಟ್ಟಿಲ್ಲ ತಾನೇ ಅಜ್ಜಮ್ಮ? ಈಗಲೇ ಹೇಳ್ಬಿಡು."

ಗಾಡಿ ಮೂರು ಸಾವಿರದ ಇನ್ನೂರಕ್ಕೆ ಹೋಯಿತು. ಅಪ್ಪ ಅದರ ಜೊತೆಗೇ ಲಾರಿ ಹತ್ತಿ ಪಟ್ಟಣಕ್ಕೆ ಹೋದ. ಖರ್ಜೂರ ಪೂರ್ತಿ ತರುತ್ತೇನೆ, ಚಹಾ ಇಟ್ಟಿಗೆ ಮಾತ್ರ ತಲೆಗೆ ಅರ್ಧ ಎಂದ. ಬರುವಾಗ ಯಾರದಾದರೂ ಟ್ರ್ಯಾಕ್ಟರ್ ಸಿಕ್ಕರೆ ಸಿಕ್ಕಿತು.

ಅಂಗಳದಲ್ಲಿ ನಾನು, ಅಜ್ಜಿ, ಬಿಳಿಮೂತಿ ಉಳಿದೆವು. ನಾನು ಒಳಗಿಂದ ಒಂದು ಬಟ್ಟಲು ನೀರು ತಂದೆ.

"ಇವತ್ತಿಂದು ಹೆಂಗೂ ಲೆಕ್ಕಕ್ಕಿಲ್ಲ ಅಜ್ಜಿ. ಕುಡಿ."

ಅವಳು ಬಟ್ಟಲನ್ನು ನೋಡಿದಳು. ಕೆಳತುಟಿ ಸೀಳಿ ರಕ್ತ ಬಂದಿತ್ತು. ಕುಡಿಯುತ್ತಾಳೆಂದುಕೊಂಡೆ. ಅವಳು ಅಂಗೈಯನ್ನು ಬಾಯಿಗೆ ಒತ್ತಿಕೊಂಡು ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಎದ್ದು ಮಣಿಮನೆಗೆ ಹೊರಟಳು. ನಾನು ಹಿಂದೆಯೇ ಹೋದೆ. ಒಳಗೆ ಕೂತಿದ್ದವರೆಲ್ಲ ಎಲ್ಲವನ್ನೂ ಕೇಳಿಸಿಕೊಂಡಿದ್ದರು, ಆದರೆ ಬೆಳಗಿನವರೆಗೆ ಯಾರೂ ಏನೂ ಕೇಳುವಂತಿಲ್ಲ. ಡುಗ್ಮೊ ಅಜ್ಜಿ ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದಳು. ನಮ್ಮಜ್ಜಿ ಯಾರ ಮುಖವನ್ನೂ ನೋಡದೆ ತನ್ನ ಜಾಗಕ್ಕೆ ಹೋದಳು. ಶಂಖ ಊದಿದಾಗ ಎಲ್ಲರ ಜೊತೆ ಎದ್ದು ಅಡ್ಡಬಿದ್ದಳು. ಮತ್ತೆ ಎದ್ದಳು, ಮತ್ತೆ ಬಿದ್ದಳು. ಅವತ್ತು ಇನ್ನೊಂದು ಮಾತಾಡಲಿಲ್ಲ, ಒಂದು ತೊಟ್ಟು ಕುಡಿಯಲಿಲ್ಲ.

ಲೆಕ್ಕಕ್ಕಿಲ್ಲದ್ದನ್ನು ಯಾಕೆ ಮುಗಿಸಿದೆ ಎಂದು ಆಮೇಲೊಮ್ಮೆ ಕೇಳಿದ್ದೆ. "ಶುರು ಮಾಡಿದ್ನಲ್ಲ," ಎಂದಳು.

ಬೆಳಕು ಹರಿದು ಲಾಮಾ ವ್ರತ ಬಿಡಿಸಿದ. ಅರವತ್ತು ಬಾಯಿ ಒಟ್ಟಿಗೆ ತೆರೆದುಕೊಂಡಿತು. ನಾನು ಗಂಜಿ ಬಡಿಸುತ್ತಿದ್ದೆ. ಅಪ್ಪ ಸಾಲಿನ ಕೊನೆಯಲ್ಲಿ ಬಗ್ಗಿ ಬಗ್ಗಿ ಅರ್ಧ ಇಟ್ಟಿಗೆ ಹಂಚುತ್ತಿದ್ದ. ಯಾರೂ ಅರ್ಧ ಯಾಕೆ ಎನ್ನಲಿಲ್ಲ, ಯಾಕೆಂದು ಎಲ್ಲರಿಗೂ ಗೊತ್ತಿತ್ತು.

"ಏನೇ ಯುಮ್‌ಕ್ಯಿ," ಎಂದಳು ಡುಗ್ಮೊ ಅಜ್ಜಿ, "ಎಂಟಾಯ್ತೇನೇ?"

"ಇಲ್ಲ ಕಣೇ. ಮುಂದಿನ ವರ್ಷ ಒಂದು."

"ಮುಗಿಸೋ ಹೊತ್ತಿಗೆ ಎಂಬತ್ತನಾಲ್ಕು ಆಗ್ತೀಯ."

"ಆಗ್ಲಿ ಬಿಡೇ. ಅಲ್ಲೀವರೆಗೆ ಸಾಯೋಕೆ ಪುರುಸೊತ್ತಿಲ್ಲ ಅಂತಾಯ್ತಲ್ಲ." ಅಜ್ಜಿ ಬಟ್ಟಲನ್ನು ನನ್ನ ಕಡೆ ಚಾಚಿದಳು. "ಖರ್ಜೂರ ತಳದಲ್ಲಿರುತ್ತೆ, ಸೌಟು ಆಳಕ್ಕೆ ಹಾಕೇ. ಅದಕ್ಕೆ ಕೊಟ್ಟಿರೋದು ನಮ್ಮ ಗಾಡಿ."

ಜನ ಚದುರಿದ ಮೇಲೆ ಮನೆಗೆ ಬಂದು ಮೂರು ಪ್ರಾಣಿಗಳಿಗೂ ಕೆಂಪು ಪಟ್ಟಿ ಕಟ್ಟಿದೆವು. ಕರುವಿಗೂ ಎತ್ತಿಗೂ ಕಷ್ಟವಾಗಲಿಲ್ಲ. ಬಿಳಿಮೂತಿಯ ಕೊಂಬುಗಳನ್ನು ಅಪ್ಪ ಬಿಗಿಯಾಗಿ ಹಿಡಿದುಕೊಂಡ, ನಾನು ದಾರ ಹಿಡಿದೆ, ಅಜ್ಜಿ ದಬ್ಬಳ ತೆಗೆದುಕೊಂಡು ಕಿವಿಯನ್ನು ಚುಚ್ಚಿದಳು. ಜೋಮೊ ಜಿಗಿದು ಅಪ್ಪನ ಪಾದವನ್ನು ತುಳಿಯಿತು. ಅಪ್ಪ ಬೈಯಲು ಬಾಯಿ ತೆರೆದ. ಅಜ್ಜಿ ದಬ್ಬಳ ಎತ್ತಿ ತೋರಿಸಿದಳು. ಬಿಟ್ಟ ಪ್ರಾಣಿಗೆ ಬೈಯುವಂತಿಲ್ಲ.

ಅಪ್ಪ ನನಗೆ ಬೈದ.